ನಡುಮೈದಾನದ ನಾಯಕಿ

ಆಷಾಢದ ಗಾಳಿ ಇನ್ನೂ ಅಡಗದ ದಿನಗಳಲ್ಲಿ, ಕನಕಪುರದಿಂದಲೋ ಮಾಗಡಿಯಿಂದಲೋ ಒಳಕ್ಕೆ ಸರಿದ ಯಾವುದಾದರೊಂದು ಹೋಬಳಿಯ ಪ್ರೌಢಶಾಲೆಯ ಬಯಲಿನಲ್ಲಿ ಬೆಳಗಿನ ಎಂಟು ಗಂಟೆಗೆ ಹೋಗಿ ನಿಂತವರಿಗೆ, ವರ್ಷಕ್ಕೊಮ್ಮೆ ಮಾತ್ರ ಲಭಿಸುವ ಸಂಭ್ರಮವೊಂದು ಗೋಚರವಾಗುತ್ತದೆ. ಹಿಂದಿನ ಸಂಜೆ ಸುಣ್ಣದ ಪುಡಿಯಲ್ಲಿ ಎಳೆದಿದ್ದ ಗೆರೆಗಳು ಇರುಳಿನ ತುಂತುರಿಗೆ ಅರ್ಧ ಕರಗಿರುತ್ತವೆ, ಪಿ.ಟಿ. ಮೇಷ್ಟ್ರು ಕೊರಳಿಗೆ ಸೀಟಿ ಕಟ್ಟಿಕೊಂಡು ಅವನ್ನು ಮತ್ತೆ ಎಳೆಯಿಸುತ್ತಿರುತ್ತಾರೆ. ಸುತ್ತಲಿನ ಊರುಗಳಿಂದ ಟೆಂಪೋ ಏರಿ ಬಂದ ಹೆಣ್ಣುಮಕ್ಕಳು ಚಪ್ಪಲಿಗಳನ್ನು ಮರದ ಬುಡದಲ್ಲಿ ರಾಶಿ ಹಾಕಿ, ಬರಿಗಾಲಲ್ಲಿ ಖೋ-ಖೋ ಅಂಕಣಕ್ಕೂ ಕಬಡ್ಡಿಯ ಅಂಕಣಕ್ಕೂ ಥ್ರೋಬಾಲ್ ಬಲೆಯ ಬಳಿಗೂ ಹರಿದು ಹಂಚಿಹೋಗುತ್ತಾರೆ. ಕಾಲ್ಚೆಂಡು ಆ ಬಯಲಿನಲ್ಲಿ ಇಲ್ಲವೆಂದಲ್ಲ. ಇದ್ದರೂ ಅದು ಬಹುಮಟ್ಟಿಗೆ ಗಂಡುಮಕ್ಕಳ ಪಾಲು. ಗೆರೆಯಾಚೆಗೆ ಉರುಳಿ ಬಂದ ಚೆಂಡನ್ನು ಹುಡುಗಿಯೊಬ್ಬಳು ಕಾಲಿನಲ್ಲಿಯೇ ತಡೆದು, ಕೈಯಲ್ಲಿ ಎತ್ತಿ ಕೊಡುವ ಬದಲು ಒಂದು ಒದೆಯಲ್ಲಿ ಹಿಂದಿರುಗಿಸಿದರೆ, ಸುತ್ತಲಿನವರು ನಗುತ್ತಾರೆ.

ಅಂಥದೇ ವಯಸ್ಸಿನ, ಹನ್ನೆರಡು ವರ್ಷದ ಬಾಲಕಿಯೊಬ್ಬಳು 1991ರಲ್ಲಿ ಟೋಕಿಯೋ ನಗರದ ಕ್ಲಬ್ಬೊಂದರ ಅಂಗಿ ತೊಟ್ಟು, ತನ್ನ ದೇಶದ ಅತ್ಯುನ್ನತ ಮಹಿಳಾ ಲೀಗಿನ ಪಂದ್ಯದಲ್ಲಿ ವಯಸ್ಕರೊಡನೆ ಆಡಿದಳು. ಅದೇ ಬಾಲಕಿ ಇಪ್ಪತ್ತು ವರ್ಷಗಳ ತರುವಾಯ ಜಪಾನಿನ ನಾಯಕಿಯಾಗಿ ವಿಶ್ವಕಪ್ಪನ್ನು ಎತ್ತಿ ಹಿಡಿದಳು. ಹೊಮಾರೆ ಸಾವಾ ಎಂಬ ಆ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಎಲ್ಲಿಯೋ ಕೇಳಿರಬಹುದು. ಆಕೆಯ ಜೀವನವೃತ್ತಿ ಯಾವ ಕ್ರಮದಲ್ಲಿ ರೂಪುಗೊಂಡಿತು, ಅದರ ಹಿಂದೆ ಯಾವ ಏರ್ಪಾಡು ಇತ್ತು ಎಂಬುದನ್ನು ಮಾತ್ರ ನಾವು ಸಾಕಷ್ಟು ವಿಚಾರಿಸಿದವರಲ್ಲ.

ಜಪಾನು ನಮಗೆ ಹೊಸದಲ್ಲ

ರಾಮನಗರದ ಸೀಮೆಗೆ, 2025ರಿಂದ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಹೊತ್ತಿರುವ ಈ ಜಿಲ್ಲೆಗೆ, ಜಪಾನು ಅಪರಿಚಿತ ಭೂಮಿಯಲ್ಲ. ಚನ್ನಪಟ್ಟಣದ ಅರಗಿನ ಗೊಂಬೆಗಳ ಕಸುಬಿಗೆ ಜಪಾನೀ ವಿಧಾನಗಳನ್ನು ಅಳವಡಿಸಿದವರು ಬಾವಾಸ್ ಮಿಯಾ ಎಂದು ಅಲ್ಲಿನ ಕುಶಲಕರ್ಮಿಗಳು ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಬಿಳಿಯ ದ್ವಿತಳಿ ಗೂಡಿನ ಹಿಂದೆ, 1991ರಿಂದ ಮೊದಲ್ಗೊಂಡು ಕೇಂದ್ರ ರೇಷ್ಮೆ ಮಂಡಳಿಯೊಡನೆ ಜಪಾನಿನ ಸಹಕಾರ ಸಂಸ್ಥೆ ಕೈಜೋಡಿಸಿ ನಡೆಸಿದ ದೀರ್ಘ ಪರಿಶ್ರಮವಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಂತೂ 1999ರ ಕೊನೆಯಿಂದ ವಾಹನಗಳನ್ನು ತಯಾರಿಸುತ್ತಿದ್ದು, ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಅನ್ನದ ಮೂಲವಾಗಿದೆ. ಗೊಂಬೆ ಬಂತು, ರೇಷ್ಮೆ ಬಂತು, ಮೋಟಾರು ಬಂತು. ಆ ದೇಶ ತನ್ನ ಹೆಣ್ಣುಮಕ್ಕಳಿಗೆ ಆಟ ಕಲಿಸಿದ ಬಗೆಯನ್ನು ಮಾತ್ರ ನಾವು ತರಿಸಿಕೊಳ್ಳಲಿಲ್ಲ. ತರಿಸಿಕೊಳ್ಳಲು ಅದಕ್ಕೆ ಹಡಗಿನ ಬಾಡಿಗೆಯೂ ಬೇಕಿರಲಿಲ್ಲ.

ಅಣ್ಣನ ಹಿಂದೆ ಹೋದ ತಂಗಿ

ಸಾವಾ ಹುಟ್ಟಿದ್ದು 1978ರ ಸೆಪ್ಟೆಂಬರ್ 6ರಂದು, ಟೋಕಿಯೋ ಮಹಾನಗರಕ್ಕೆ ಸೇರಿದ ಫುಚೂ ಎಂಬಲ್ಲಿ. ಅಣ್ಣ ಚೆಂಡಾಡಲು ಹೋಗುತ್ತಿದ್ದ. ತಂಗಿ ಹಿಂದೆ ಹೋದಳು. ಹೆಣ್ಣುಮಕ್ಕಳಿಗೆಂದೇ ಪ್ರತ್ಯೇಕ ತಂಡಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಆಕೆ ಹುಡುಗರ ನಡುವೆಯೇ ಆಡಿ ಬೆಳೆದಳು. ಈ ಮಟ್ಟಿಗೆ ಆಕೆಯ ಕಥೆ ನಮ್ಮ ಯಾವ ಹಳ್ಳಿಯ ಚುರುಕು ಹುಡುಗಿಯ ಕಥೆಗಿಂತಲೂ ಭಿನ್ನವಲ್ಲ. ಅಣ್ಣನ ಗೋಲಿ, ಅಣ್ಣನ ಬುಗುರಿ, ಅಣ್ಣನ ಬ್ಯಾಟು ಇವುಗಳಿಂದಲೇ ಆಟ ಕಲಿತ ತಂಗಿಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಭಿನ್ನತೆ ಉಂಟಾಗುವುದು ಮುಂದಿನ ಹೆಜ್ಜೆಯಲ್ಲಿ. ಹನ್ನೊಂದು ಹನ್ನೆರಡರ ಹೊತ್ತಿಗೆ ಹುಡುಗರ ಗುಂಪಿನಿಂದ ಹೊರಬೀಳುವ ಹುಡುಗಿಗೆ ಹೋಗಲು ಇನ್ನೊಂದು ಸ್ಥಳವಿದೆಯೇ ಎಂಬ ಪ್ರಶ್ನೆಯಲ್ಲಿಯೇ ಎಲ್ಲವೂ ಅಡಗಿದೆ. ಸಾವಾಳ ಪಾಲಿಗೆ ಅಂಥ ಸ್ಥಳವೊಂದು ಇತ್ತು. ಜಪಾನಿನಲ್ಲಿ 1989ರಲ್ಲಿ ಮಹಿಳೆಯರಿಗಾಗಿ ರಾಷ್ಟ್ರೀಯ ಲೀಗೊಂದು ಆರಂಭವಾಗಿತ್ತು. ಅದರ ಪ್ರಬಲ ತಂಡಗಳಲ್ಲಿ ಒಂದಾದ ಯೊಮಿಉರಿ ಬೆಲೆಝಾ ಟೋಕಿಯೋದಲ್ಲಿಯೇ ಇತ್ತು. ಅದು ಎಳೆಯ ಪ್ರತಿಭೆಯನ್ನು ವಯಸ್ಸಿನ ನೆಪದಿಂದ ಹೊರಗಿಡಲಿಲ್ಲ. ಹೀಗೆ ಲೀಗು ಹುಟ್ಟಿ ಎರಡೇ ವರ್ಷಗಳಾದಾಗ ಆಕೆ ಅದರ ಒಳಗಿದ್ದಳು. ಐದಾರು ವರ್ಷ ಮೊದಲು ಹುಟ್ಟಿದ್ದರೆ ಅದೇ ಬಾಲಕಿಗೆ ಆ ಬಾಗಿಲು ಅಷ್ಟು ಬೇಗ ತೆರೆದಿರುತ್ತಿರಲಿಲ್ಲ ಎಂಬುದನ್ನು ನೆನೆದರೆ, ಪ್ರತಿಭೆಯ ಮಹಿಮೆಯನ್ನು ಕೊಂಡಾಡುವ ನಮ್ಮ ಉತ್ಸಾಹ ತುಸು ತಗ್ಗಬೇಕಾಗುತ್ತದೆ.

1993ರ ಡಿಸೆಂಬರಿನಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆಕೆ ಫಿಲಿಪ್ಪೀನ್ಸ್ ವಿರುದ್ಧ ರಾಷ್ಟ್ರೀಯ ತಂಡಕ್ಕಾಗಿ ಮೊದಲ ಬಾರಿಗೆ ಆಡಿ, ಆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲುಗಳನ್ನು ಹೊಡೆದಳು. ಅಲ್ಲಿಂದ 2015ರ ವರೆಗಿನ ಇಪ್ಪತ್ತೆರಡು ವರ್ಷಗಳಲ್ಲಿ 205 ಅಂತಾರಾಷ್ಟ್ರೀಯ ಪಂದ್ಯಗಳು, 83 ಗೋಲುಗಳು, ನಾಲ್ಕು ಒಲಿಂಪಿಕ್ಸ್‌ಗಳು, 1995ರಿಂದ 2015ರ ವರೆಗೆ ಒಂದನ್ನೂ ಬಿಡದೆ ಆರು ವಿಶ್ವಕಪ್ಪುಗಳು. ಮುಂಚೂಣಿಯ ಗೋಲುಗಾರ್ತಿಯಲ್ಲದ, ನಡುಮೈದಾನದ ಆಟಗಾರ್ತಿಯೊಬ್ಬಳ ಲೆಕ್ಕವಿದು.

ನಡುಮೈದಾನದ ಕೆಲಸ

ನಡುಮೈದಾನದ ಆಟಗಾರ್ತಿಯ ಕೆಲಸವೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಉಚಿತ. ಗೋಲು ಕಾಯುವವಳ ಹಾಗೂ ಗೋಲು ಹೊಡೆಯುವವಳ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ. ಇವರಿಬ್ಬರ ನಡುವೆ, ನೂರು ಮೀಟರಿಗೂ ಮಿಕ್ಕಿ ಚಾಚಿದ ಬಯಲಿನ ಮಧ್ಯಭಾಗದಲ್ಲಿ ಓಡುವವರ ಕೆಲಸ ಅಷ್ಟು ಸುಲಭವಾಗಿ ಕಾಣುವುದಿಲ್ಲ. ರಾಮನಗರದ ಯಾವುದಾದರೊಂದು ಫಿಲೇಚರಿನಲ್ಲಿ, ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತ ಹೆಂಗಸು, ಕುಣಿಯುತ್ತಿರುವ ಹಲವು ಗೂಡುಗಳ ಎಳೆಗಳನ್ನು ಬೆರಳ ತುದಿಯಲ್ಲಿ ಹಿಡಿದು ಒಂದೇ ನೂಲಾಗಿ ಕೂಡಿಸುತ್ತ, ಒಂದು ಎಳೆ ಮುಗಿಯುವಷ್ಟರಲ್ಲಿ ಮತ್ತೊಂದನ್ನು ಸೇರಿಸಿ, ನೂಲು ಎಲ್ಲಿಯೂ ತೆಳುವಾಗದಂತೆ ನೋಡಿಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಿಂದಿನಿಂದ ಬಂದ ಚೆಂಡನ್ನು ಸ್ವೀಕರಿಸಿ, ಎದುರಾಳಿ ಮೇಲೆ ಬೀಳುವ ಮುನ್ನ ಅದನ್ನು ಎಲ್ಲಿಗೆ ಕಳುಹಬೇಕೆಂದು ನಿಶ್ಚಯಿಸಿ, ಕಳುಹಿದ ಕೂಡಲೆ ತಾನು ಮತ್ತೊಂದು ತೆರಪಿಗೆ ಸರಿದು ನಿಲ್ಲುವುದು ಆಕೆಯ ನಿತ್ಯಕರ್ಮ.

ಇದಕ್ಕೆ ವೇಗಕ್ಕಿಂತ ದೃಷ್ಟಿ ಹೆಚ್ಚು ಬೇಕು. ಚೆಂಡು ಕಾಲಿಗೆ ಬಂದ ಮೇಲೆ ತಲೆಯೆತ್ತಿ ನೋಡುವವಳು ತಡಮಾಡಿದಳೆಂದೇ ಅರ್ಥ. ಬರುವುದಕ್ಕೆ ಮೊದಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಿಂದಕ್ಕೊಮ್ಮೆ ನೋಡಿಟ್ಟುಕೊಂಡವಳು ಗೆದ್ದಳು. ಸುಮಾರು 165 ಸೆಂಟಿಮೀಟರ್ ಎತ್ತರದ ಸಾವಾ ದೇಹಬಲದಲ್ಲಿ ಯೂರೋಪಿನ, ಅಮೆರಿಕದ ಎದುರಾಳಿಗಳಿಗೆ ಸಮವಾಗಿರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬರಲಿದೆಯೆಂದು ಅವರಿಗಿಂತ ಅರೆಕ್ಷಣ ಮುಂಚಿತವಾಗಿ ಅರಿತು ಅಲ್ಲಿ ನಿಂತಿರುತ್ತಿದ್ದರು.

2007ರ ಕೊನೆಯಲ್ಲಿ ರಾಷ್ಟ್ರೀಯ ತಂಡದ ತರಬೇತಿಯ ಹೊಣೆ ಹೊತ್ತ ನೊರಿಯೊ ಸಸಾಕಿ ಎಂಬವರು ಇದನ್ನು ಚೆನ್ನಾಗಿ ಗ್ರಹಿಸಿದರು. ಅದುವರೆಗೆ ಮುಂದಿನ ಸಾಲಿಗೆ ಹತ್ತಿರವಾಗಿ ಆಡುತ್ತಿದ್ದ ಸಾವಾ ಅವರನ್ನು ಅವರು ಹಿಂದಕ್ಕೆ ಸರಿಸಿ, ಮಿಜುಹೊ ಸಕಗುಚಿಯೆಂಬ ಕಿರಿಯಳ ಜೊತೆಗೆ ರಕ್ಷಣೆಯ ಮುಂಭಾಗದಲ್ಲಿ ನಿಲ್ಲಿಸಿದರು. ಮೂವತ್ತರ ಅಂಚಿನಲ್ಲಿದ್ದ ಪ್ರಸಿದ್ಧ ಆಟಗಾರ್ತಿಗೆ, ಇನ್ನು ಮೇಲೆ ಹೊಡೆಯುವುದಕ್ಕಿಂತ ಕಸಿದುಕೊಳ್ಳುವುದು ನಿನ್ನ ಮೊದಲ ಕೆಲಸವೆಂದು ಹೇಳುವುದು ಸಣ್ಣ ಮಾತಲ್ಲ. ಅದನ್ನು ಒಪ್ಪಿಕೊಳ್ಳುವುದು ಇನ್ನೂ ದೊಡ್ಡ ಮಾತು. ಈ ಬದಲಾವಣೆಯೇ ಆಕೆಯ ವೃತ್ತಿಯ ಉತ್ತರಾರ್ಧವನ್ನು ಬೆಳಗಿಸಿತು ಎಂದು ನನ್ನ ಭಾವನೆ. ಹಿಂದೆ ನಿಂತು ಇಡೀ ಆಟವನ್ನು ಕಾಣುತ್ತ, ಸಮಯ ನೋಡಿ ಅನಿರೀಕ್ಷಿತವಾಗಿ ಮುಂದಕ್ಕೆ ನುಗ್ಗುವ ಆಕೆಯನ್ನು ಎದುರಾಳಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಕಠಿಣವಾಯಿತು.

ಕಂಪನಿಗಳು ಕೈಬಿಟ್ಟ ಕಾಲ

ಈ ಪಯಣ ನೇರವಾದ ಏರುಹಾದಿಯಾಗಿತ್ತೆಂದು ಭಾವಿಸುವುದು ತಪ್ಪು. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ಜಪಾನು ಆಡಿದ ಮೂರು ಪಂದ್ಯಗಳನ್ನೂ ಸೋತು, ಒಂದೂ ಗೋಲು ಹೊಡೆಯದೆ, ಹನ್ನೆರಡು ಗೋಲುಗಳನ್ನು ಬಿಟ್ಟುಕೊಟ್ಟು ಮನೆಗೆ ಮರಳಿತ್ತು. 1995ರಲ್ಲಿ ಬ್ರೆಜಿಲನ್ನು ಮಣಿಸಿ ಕ್ವಾರ್ಟರ್‌ಫೈನಲ್ ತಲುಪಿದ್ದನ್ನು ಬಿಟ್ಟರೆ, 1999, 2003, 2007ರ ಮೂರು ವಿಶ್ವಕಪ್ಪುಗಳಲ್ಲಿಯೂ ಮೊದಲ ಸುತ್ತಿನಿಂದ ಮುಂದಕ್ಕೆ ಹೋಗಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸಿಗಂತೂ ಪ್ರವೇಶವೇ ದೊರೆಯಲಿಲ್ಲ.

ಅದೇ ಹೊತ್ತಿನಲ್ಲಿ ಜಪಾನಿನ ಆರ್ಥಿಕ ಸ್ಥಿತಿ ಕುಸಿದಿತ್ತು. ಅಲ್ಲಿನ ಮಹಿಳಾ ತಂಡಗಳು ದೊಡ್ಡ ಕಂಪನಿಗಳ ಆಶ್ರಯದಲ್ಲಿ ನಡೆಯುತ್ತಿದ್ದವಾದ್ದರಿಂದ, ಲಾಭ ಇಳಿದಾಗ ಮೊದಲು ಕತ್ತರಿ ಬಿದ್ದದ್ದು ಅವುಗಳ ಮೇಲೆಯೇ. ನಿಕ್ಕೋ ಸೆಕ್ಯುರಿಟೀಸ್, ಫುಜಿತಾ ಮೊದಲಾದ ಸಂಸ್ಥೆಗಳು ತೊಂಬತ್ತರ ದಶಕದ ಕೊನೆಯಲ್ಲಿ ತಂಡಗಳನ್ನು ವಿಸರ್ಜಿಸಿದವು. ಕಾರ್ಖಾನೆಯ ಕೃಪೆಯಿಂದ ನಡೆಯುವ ಆಟ ಕಾರ್ಖಾನೆಯ ಕಷ್ಟಕಾಲದಲ್ಲಿ ನಿಂತುಹೋಗುವುದೆಂಬ ಸತ್ಯವನ್ನು ಬೆಂಗಳೂರಿನ ಹಳೆಯ ಐ.ಟಿ.ಐ., ಎಚ್.ಎ.ಎಲ್. ಫುಟ್‌ಬಾಲ್ ತಂಡಗಳನ್ನು ಕಂಡವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

1999ರಲ್ಲಿ ಸಾವಾ ಅಮೆರಿಕಕ್ಕೆ ಹೊರಟರು. 1972ರಲ್ಲಿಯೇ ಆ ದೇಶ, ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಲಿಂಗದ ಕಾರಣದಿಂದ ಯಾರಿಗೂ ಅವಕಾಶ ನಿರಾಕರಿಸಬಾರದೆಂದು ಕಾನೂನು ಮಾಡಿದ್ದರ ಫಲವಾಗಿ, ಅಲ್ಲಿನ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಹುಲುಸಾಗಿ ಬೆಳೆದಿತ್ತು. 2001ರಲ್ಲಿ ಅಲ್ಲಿ ವೃತ್ತಿಪರ ಮಹಿಳಾ ಲೀಗು ಆರಂಭವಾದಾಗ ಆಕೆ ಅಟ್ಲಾಂಟಾ ಬೀಟ್ ತಂಡದಲ್ಲಿದ್ದರು. ಆ ಲೀಗೂ ಮೂರೇ ವರ್ಷಗಳಲ್ಲಿ, 2003ರಲ್ಲಿ, ಹಣವಿಲ್ಲದೆ ಮುಚ್ಚಿತು. ಆಕೆ ಟೋಕಿಯೋದ ಹಳೆಯ ತಂಡಕ್ಕೆ ಮರಳಿ, 2009ರಲ್ಲಿ ಮತ್ತೆ ಅಮೆರಿಕಕ್ಕೆ ತೆರಳಿ ವಾಷಿಂಗ್ಟನ್ ಫ್ರೀಡಮ್ ತಂಡದಲ್ಲಿ ಎರಡು ಋತು ಆಡಿ, 2011ರಲ್ಲಿ ಐನಾಕ್ ಕೋಬೆ ತಂಡವನ್ನು ಸೇರಿದರು. ಹೀಗೆ ಕಾಲಡಿಯ ನೆಲ ಪದೇಪದೇ ಸರಿದುಹೋದರೂ ಆಡಲು ಇನ್ನೊಂದು ಪಂದ್ಯ ಎಲ್ಲಿಯೋ ಇರುತ್ತಿತ್ತು. ಮುಖ್ಯವಾದ ಮಾತು ಇದೇ.

ಈ ಅವಧಿಯ ಒಂದು ದಿನವನ್ನಾದರೂ ಹೇಳದೆ ಮುಂದುವರಿಯುವಂತಿಲ್ಲ. 2004ರ ಏಪ್ರಿಲ್ 24ರಂದು ಟೋಕಿಯೋದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ, ಅಥೆನ್ಸ್ ಒಲಿಂಪಿಕ್ಸಿನ ಪ್ರವೇಶಕ್ಕಾಗಿ, ಆಗ ಏಷ್ಯಾದಲ್ಲಿ ತನಗಿಂತ ಬಲಿಷ್ಠವಾಗಿದ್ದ ಉತ್ತರ ಕೊರಿಯಾದೊಡನೆ ಜಪಾನು ಸೆಣಸಬೇಕಾಗಿತ್ತು. ಸಾವಾ ಅವರ ಮೊಣಕಾಲು ಕೆಟ್ಟಿತ್ತು. ನೋವು ಅಡಗಿಸುವ ಔಷಧದ ಬಲದಿಂದ ಕಣಕ್ಕಿಳಿದರು. ಮೂವತ್ತೊಂದು ಸಾವಿರಕ್ಕೂ ಹೆಚ್ಚಿನ ಪ್ರೇಕ್ಷಕರ ಮುಂದೆ ಜಪಾನು 3–0 ಅಂತರದಿಂದ ಗೆದ್ದಿತು. ಮಹಿಳೆಯರ ಆಟವನ್ನು ಗಮನಿಸದೆಯೇ ಇದ್ದ ಒಂದು ದೇಶ ಅಂದು ಕಣ್ಣೆತ್ತಿ ನೋಡಿತು. ಆ ಬೇಸಗೆಯಲ್ಲಿಯೇ ಸಾರ್ವಜನಿಕರಿಂದ ಸೂಚನೆಗಳನ್ನು ಕೇಳಿ, ತಂಡಕ್ಕೆ ‘ನಡೆಶಿಕೊ ಜಪಾನ್’ ಎಂಬ ಹೆಸರನ್ನಿಟ್ಟರು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ತಂಡ ನಾಲ್ಕನೆಯ ಸ್ಥಾನಕ್ಕೇರಿತು. ಕಂಚಿನ ಪದಕಕ್ಕಾಗಿ ಆಡಿ ಸೋತ ಆ ಪಂದ್ಯಕ್ಕೆ ಮುನ್ನ, ಕಷ್ಟವೆನಿಸಿದಾಗ ನನ್ನ ಬೆನ್ನನ್ನು ನೋಡಿರೆಂದು ಆಕೆ ಕಿರಿಯರಿಗೆ ಹೇಳಿದ ಮಾತು ಜಪಾನಿನಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಭೂಕಂಪದ ವರ್ಷ

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿ ನಡುಗಿ, ಕಡಲು ಊರುಗಳ ಮೇಲೆ ನುಗ್ಗಿ, ಫುಕುಶಿಮಾದ ಅಣುಸ್ಥಾವರ ಸ್ಫೋಟಗೊಂಡ ಸಂಗತಿ ಎಲ್ಲರಿಗೂ ಗೊತ್ತು. ಆ ಸ್ಥಾವರವನ್ನು ನಡೆಸುತ್ತಿದ್ದ ವಿದ್ಯುತ್ ಕಂಪನಿಗೆ ತನ್ನದೇ ಆದ ಮಹಿಳಾ ಫುಟ್‌ಬಾಲ್ ತಂಡವಿತ್ತೆಂಬುದು ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಆ ತಂಡದ ಚಟುವಟಿಕೆ ಅಂದಿಗೇ ನಿಂತಿತು. ರಾಷ್ಟ್ರೀಯ ತಂಡದ ಅಯಾ ಸಮೇಶಿಮಾ ಆ ತಂಡದವರು. ಕರೀನಾ ಮಾರುಯಾಮಾ ಎಂಬ ಮತ್ತೊಬ್ಬರು ಹಿಂದೆ ಅದರಲ್ಲಿ ಆಡುತ್ತ, ಜೀವನೋಪಾಯಕ್ಕಾಗಿ ಆ ಸ್ಥಾವರದಲ್ಲಿಯೇ ಉದ್ಯೋಗ ಮಾಡಿದ್ದವರು.

ಇದಾದ ಮೂರೇ ತಿಂಗಳಿಗೆ ಜರ್ಮನಿಯಲ್ಲಿ ವಿಶ್ವಕಪ್ಪು. ಮುಂದಾಳು ಸಾವಾ, ವಯಸ್ಸು ಮೂವತ್ತೆರಡು. ಮೊದಲ ಸುತ್ತಿನಲ್ಲಿ ನ್ಯೂಜಿಲೆಂಡನ್ನು 2–1ರಿಂದ, ಮೆಕ್ಸಿಕೋವನ್ನು 4–0ಯಿಂದ ಗೆದ್ದು, ಇಂಗ್ಲೆಂಡಿಗೆ 0–2ರಿಂದ ಸೋತ ಜಪಾನಿಗೆ ಎದುರಾದದ್ದು ಆತಿಥೇಯ ಜರ್ಮನಿ; ಹಿಂದಿನ ಎರಡೂ ವಿಶ್ವಕಪ್ಪುಗಳನ್ನು ಗೆದ್ದಿದ್ದ ತಂಡ. ಪಂದ್ಯಕ್ಕೆ ಮುನ್ನ ಸಸಾಕಿ ತಮ್ಮ ಆಟಗಾರ್ತಿಯರಿಗೆ ಸುನಾಮಿಯಿಂದ ಹಾಳಾದ ಊರುಗಳ ಚಿತ್ರಗಳನ್ನು ತೋರಿಸಿದರು. ಇಂಥ ಕ್ರಮ ಕೆಲವರಿಗೆ ಭಾವೋದ್ರೇಕದ ತಂತ್ರವೆಂದು ತೋರಬಹುದು. ಆ ಚಿತ್ರಗಳಲ್ಲಿ ತಮ್ಮ ಊರು, ತಮ್ಮ ಮೈದಾನಗಳಿದ್ದವರಿಗೆ ಅದು ಬೇರೆಯಾಗಿಯೇ ತೋರಿರಬೇಕು. ಗೋಲಿಲ್ಲದೆ ತೊಂಬತ್ತು ನಿಮಿಷ ಕಳೆದು, ಹೆಚ್ಚುವರಿ ಅವಧಿಯ 108ನೆಯ ನಿಮಿಷದಲ್ಲಿ, ಸಾವಾ ರಕ್ಷಣಾಪಂಕ್ತಿಯ ಹಿಂಬದಿಗೆ ಎತ್ತಿ ಕಳುಹಿದ ಚೆಂಡನ್ನು ಬೆನ್ನಟ್ಟಿ ಹೋಗಿ ಬಲೆಗೆ ಸೇರಿಸಿದವರು ಬದಲಿಯಾಗಿ ಬಂದಿದ್ದ ಕರೀನಾ ಮಾರುಯಾಮಾ. ಸೆಮಿಫೈನಲಿನಲ್ಲಿ ಸ್ವೀಡನ್ 3–1ರಿಂದ ಸೋತಿತು.

ನೂರ ಹದಿನೇಳನೆಯ ನಿಮಿಷ

ಜುಲೈ 17ರ ರಾತ್ರಿ ಫ್ರಾಂಕ್‌ಫರ್ಟಿನಲ್ಲಿ ಅಂತಿಮ ಪಂದ್ಯ ನಡೆದಾಗ ನಮ್ಮಲ್ಲಿ ನಡುರಾತ್ರಿ ಕಳೆದಿತ್ತು. ಜಪಾನಿನಲ್ಲಿ ಸೋಮವಾರದ ಮುಂಜಾವು. ಎದುರಾಳಿ ಅಮೆರಿಕ, ಅದುವರೆಗೆ ಇಬ್ಬರೂ ಆಡಿದ್ದ ಇಪ್ಪತ್ತೈದು ಪಂದ್ಯಗಳಲ್ಲಿ ಜಪಾನು ಒಮ್ಮೆಯೂ ಗೆದ್ದಿರಲಿಲ್ಲ. 69ನೆಯ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ಅಮೆರಿಕಕ್ಕೆ ಮುನ್ನಡೆ ತಂದರು. 81ನೆಯ ನಿಮಿಷದಲ್ಲಿ ಅಯಾ ಮಿಯಾಮಾ ಸಮಗೊಳಿಸಿದರು. ಹೆಚ್ಚುವರಿ ಅವಧಿಯ 104ನೆಯ ನಿಮಿಷದಲ್ಲಿ, ಎಲ್ಲರಿಗಿಂತ ಎತ್ತರದ ಆಬಿ ವಾಂಬಾಕ್ ತಲೆಯಿಂದ ಹೊಡೆದು ಅಮೆರಿಕವನ್ನು ಮತ್ತೆ ಮುಂದಕ್ಕೆ ಒಯ್ದರು. ಇನ್ನುಳಿದದ್ದು ಹದಿನಾರು ನಿಮಿಷ.

ಮೂರು ನಿಮಿಷಗಳಷ್ಟೇ ಬಾಕಿಯಿರುವಾಗ ಜಪಾನಿಗೆ ಎಡಬದಿಯಿಂದ ಒಂದು ಕಾರ್ನರ್ ಕಿಕ್ ದೊರೆಯಿತು. ಇಂಥ ಸಂದರ್ಭದಲ್ಲಿ ಎತ್ತರದವರು ಗೋಲಿನ ಮುಂದೆ ನೆರೆದು ಗಾಳಿಯಲ್ಲಿ ಬರುವ ಚೆಂಡಿಗೆ ತಲೆಯೊಡ್ಡುವುದು ವಾಡಿಕೆ. ಕುಳ್ಳರಿಗೆ ಅಲ್ಲಿ ಹೆಚ್ಚಿನ ಭರವಸೆಯಿಲ್ಲ. ಆದುದರಿಂದ ಮಿಯಾಮಾ ಚೆಂಡನ್ನು ತಲೆಗಳ ಗುಂಪಿಗೆ ಹೊಡೆಯದೆ, ಸಮೀಪದ ಕಂಬದತ್ತ ತಗ್ಗಾಗಿ ಹಾಯಿಸಿದರು. ಹೊರಗಿನಿಂದ ಓಡಿಬಂದ ಸಾವಾ ಎದುರಾಳಿಗಳಿಗಿಂತ ಮೊದಲು ಅಲ್ಲಿಗೆ ತಲುಪಿ, ಗೋಲಿಗೆ ಹೆಚ್ಚುಕಡಿಮೆ ಬೆನ್ನುಮಾಡಿದ ಭಂಗಿಯಲ್ಲಿಯೇ, ಬಲಗಾಲಿನ ಹೊರಬದಿಯಿಂದ ಅದನ್ನು ತಟ್ಟಿದರು. ಚೆಂಡು ಗೋಲಿನೊಳಗಿತ್ತು. ಅದನ್ನು ಆಕಸ್ಮಿಕವೆಂದವರೂ ಉಂಟು. ಯಾವ ಜಾಗಕ್ಕೆ ಚೆಂಡು ಬರಬೇಕು, ಯಾರು ಅಲ್ಲಿಗೆ ಮೊದಲು ತಲುಪಬೇಕು ಎಂಬುದನ್ನು ಒದೆಯುವವಳೂ ಓಡುವವಳೂ ಅರಿತಿದ್ದ ಮೇಲೆ ಅದು ಎಷ್ಟರಮಟ್ಟಿಗೆ ಆಕಸ್ಮಿಕ?

ಮುಂದಿನದು ಪೆನಾಲ್ಟಿ ಒದೆತಗಳ ಪರೀಕ್ಷೆ. ಅಮೆರಿಕದ ಮೊದಲ ಮೂವರೂ ವಿಫಲರಾದರು. ಎರಡನ್ನು ಗೋಲ್‌ಕೀಪರ್ ಅಯುಮಿ ಕೈಹೊರಿ ತಡೆದರು, ಒಂದು ಅಡ್ಡಪಟ್ಟಿಯ ಮೇಲಕ್ಕೆ ಹಾರಿತು. ಸಾಕಿ ಕುಮಗಾಯಿ ಕೊನೆಯ ಒದೆತವನ್ನು ಗುರಿಮುಟ್ಟಿಸಿದಾಗ ಜಪಾನು 3–1ರಿಂದ ಗೆದ್ದು, ವಯಸ್ಕರ ವಿಶ್ವಕಪ್ಪನ್ನು, ಪುರುಷರದಾಗಲಿ ಮಹಿಳೆಯರದಾಗಲಿ, ಗೆದ್ದ ಮೊದಲ ಏಷ್ಯನ್ ದೇಶವಾಯಿತು. ಐದು ಗೋಲುಗಳೊಡನೆ ಪಂದ್ಯಾವಳಿಯ ಅತಿ ಹೆಚ್ಚಿನ ಗೋಲುಗಾರ್ತಿ, ಅತ್ಯುತ್ತಮ ಆಟಗಾರ್ತಿ ಎಂಬ ಎರಡೂ ಪ್ರಶಸ್ತಿಗಳು ನಾಯಕಿಗೆ ಸಂದವು. 2012ರ ಜನವರಿಯಲ್ಲಿ ಝೂರಿಕ್ ನಗರದಲ್ಲಿ ಕಿಮೋನೋ ಉಟ್ಟು ವೇದಿಕೆಯೇರಿದ ಸಾವಾ, ಮೆಸ್ಸಿ ಪುರುಷರ ಪ್ರಶಸ್ತಿ ಪಡೆದ ಸಮಾರಂಭದಲ್ಲಿಯೇ ಜಗತ್ತಿನ ವರ್ಷದ ಆಟಗಾರ್ತಿಯೆಂಬ ಗೌರವವನ್ನು ಸ್ವೀಕರಿಸಿದರು.

ಆ ಬಳಿಕದ ವರ್ಷಗಳನ್ನು ಬೇಗನೆ ಹೇಳಿ ಮುಗಿಸಬಹುದು. 2012ರ ವಸಂತದಲ್ಲಿ ತಲೆಸುತ್ತಿನ ವ್ಯಾಧಿ ಕಾಡಿತು. ನಾಯಕತ್ವ ಮಿಯಾಮಾಗೆ ಹೋಯಿತು. ಆದರೂ ಲಂಡನ್ ಒಲಿಂಪಿಕ್ಸಿನ ಹೊತ್ತಿಗೆ ಗುಣಹೊಂದಿ, ವೆಂಬ್ಲಿಯಲ್ಲಿ ಎಂಬತ್ತು ಸಾವಿರ ಜನರ ಮುಂದೆ ಅಮೆರಿಕಕ್ಕೆ 1–2ರಿಂದ ಸೋತು ಬೆಳ್ಳಿ ಪಡೆದ ತಂಡದಲ್ಲಿ ಆಡಿದರು. 2014ರಲ್ಲಿ ಜಪಾನು ಮೊದಲ ಬಾರಿಗೆ ಏಷ್ಯಾ ಕಪ್ ಗೆದ್ದಿತು. 2015ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಮೊದಲ ಹದಿನಾರು ನಿಮಿಷಗಳಲ್ಲಿಯೇ ನಾಲ್ಕು ಗೋಲು ಬಿಟ್ಟುಕೊಟ್ಟ ತಂಡವನ್ನು ಸಂಭಾಳಿಸಲು ಮೂವತ್ತಾರರ ಸಾವಾ ಬದಲಿಯಾಗಿ ಬಂದರು; ಪಂದ್ಯ 2–5ರಲ್ಲಿ ಮುಗಿಯಿತು. ಅದೇ ಡಿಸೆಂಬರ್ 27ರಂದು ಕೋಬೆ ತಂಡಕ್ಕಾಗಿ ಸಾಮ್ರಾಜ್ಞಿ ಕಪ್ಪಿನ ಫೈನಲ್ ಆಡಿ, 78ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು, ಆ ಒಂದೇ ಗೋಲಿನಿಂದ ಕಪ್ಪನ್ನು ಗೆಲ್ಲಿಸಿ ನಿವೃತ್ತರಾದರು.

ನಾವು ಮುಂದಿದ್ದ ದಿನಗಳು

ಇಷ್ಟನ್ನು ಓದಿ, ಜಪಾನೀಯರ ಶಿಸ್ತೇ ಬೇರೆ, ನಮ್ಮಿಂದಾಗದು ಎಂದು ನಿಟ್ಟುಸಿರು ಬಿಡುವವರು ಒಂದು ಹಳೆಯ ದಾಖಲೆಯನ್ನು ನೋಡಬೇಕು. ಜಪಾನಿನ ಅಧಿಕೃತ ಮಹಿಳಾ ತಂಡ ಮೊತ್ತಮೊದಲು ಕಣಕ್ಕಿಳಿದದ್ದು 1981ರ ಜೂನ್ ತಿಂಗಳಲ್ಲಿ, ಹಾಂಗ್‌ಕಾಂಗಿನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ. ಅದು ಗುಂಪು ಹಂತದಲ್ಲಿಯೇ ಹೊರಬಿತ್ತು. ಅದೇ ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ ಪಡೆದ ದೇಶ ಭಾರತ! ಅದಕ್ಕೂ ಹಿಂದಿನ ಚಾಂಪಿಯನ್‌ಷಿಪ್ಪು ನಮ್ಮ ನೆರೆಯ ಕಲ್ಲಿಕೋಟೆಯಲ್ಲಿಯೇ ನಡೆದು, ಅಲ್ಲಿ ಭಾರತ ಎರಡನೆಯ ಸ್ಥಾನ ಪಡೆದಿತ್ತು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೆಯ ಸ್ಥಾನ. ಆ ತಲೆಮಾರಿನ ಭಾರತ ತಂಡಕ್ಕೆ ಆಡಿದವರಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಇದ್ದರು. ಬಿಡದಿಯಿಂದ ಒಂದೆರಡು ಗಂಟೆಯ ದಾರಿಯಲ್ಲಿ, ಆಸ್ಟಿನ್ ಟೌನು, ಗೌತಮಪುರ, ಹಲಸೂರುಗಳ ಓಣಿಗಳಲ್ಲಿ ಗಂಡುಮಕ್ಕಳು ಚೆಂಡಾಡಿ ಭಾರತ ತಂಡ ಸೇರಿದ ಕಥೆಗಳನ್ನು ನಾವು ಬಲ್ಲೆವು. ಅದೇ ನಗರದ ಹೆಣ್ಣುಮಗಳೊಬ್ಬಳು ಜಪಾನಿಗಿಂತ ಮೇಲಿದ್ದ ತಂಡದಲ್ಲಿ ಆಡಿದ ಕಥೆ ನಮ್ಮ ಪಠ್ಯಗಳಲ್ಲಿಯೂ ಇಲ್ಲ, ಹರಟೆಗಳಲ್ಲಿಯೂ ಇಲ್ಲ.

ಆಮೇಲೆ ಏನಾಯಿತು? 1975ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಮಹಿಳಾ ಫುಟ್‌ಬಾಲ್ ಒಕ್ಕೂಟ ತೊಂಬತ್ತರ ದಶಕದ ಮೊದಲಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದಲ್ಲಿ ಲೀನವಾಯಿತು. ರಾಜ್ಯಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತಿದ್ದರೂ, ವಾರ ವಾರ ಆಡಿಸುವ ಲೀಗು ಹುಟ್ಟಲಿಲ್ಲ. ಜಪಾನಿನ ಲೀಗು 1989ರದು. ನಮ್ಮ ಇಂಡಿಯನ್ ವಿಮೆನ್ಸ್ ಲೀಗು ಮೊದಲ ಬಾರಿಗೆ ನಡೆದದ್ದು 2016–17ರಲ್ಲಿ. ನಡುವಣ ಈ ಇಪ್ಪತ್ತೇಳು ವರ್ಷಗಳ ಅಂತರದೊಳಗೆ ಸಾವಾ ಅವರ ಇಡೀ ವೃತ್ತಿಕಾಲವೇ ಅಡಗಿದೆ. 2009ರಲ್ಲಿ, ದೀರ್ಘಕಾಲ ಯಾವ ಅಂತಾರಾಷ್ಟ್ರೀಯ ಪಂದ್ಯವನ್ನೂ ಆಡದ ಕಾರಣ, ಭಾರತದ ಹೆಸರು ಫಿಫಾ ಶ್ರೇಯಾಂಕದ ಪಟ್ಟಿಯಿಂದಲೇ ಬಿಟ್ಟುಹೋಯಿತು. 2023ರ ಅಕ್ಟೋಬರ್ 26ರಂದು ತಾಷ್ಕೆಂಟಿನಲ್ಲಿ, ಒಲಿಂಪಿಕ್ಸಿನ ಅರ್ಹತಾ ಪಂದ್ಯದಲ್ಲಿ, ಎರಡು ದೇಶಗಳೂ ಎದುರಾದಾಗ ಫಲ 7–0. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಪರಿಸ್ಥಿತಿ ಇತ್ತೀಚೆಗೆ ಸ್ವಲ್ಪ ತಿಳಿಯಾಗಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇ ತಿಂಗಳಲ್ಲಿ ರಾಷ್ಟ್ರೀಯ ಲೀಗಿನ ಫೈನಲ್ ತಲುಪಿತು. ಗೋಕುಲಂ ಕೇರಳದ ಎದುರು 0–5ರಿಂದ ಸೋತರೂ, ಕರ್ನಾಟಕದ ತಂಡವೊಂದು ಅಲ್ಲಿಯವರೆಗೆ ಹೋದದ್ದು ಗಮನಾರ್ಹ. 2025ರ ಜುಲೈಯಲ್ಲಿ ಭಾರತದ ವನಿತೆಯರು ಚಿಯಾಂಗ್ ಮಾಯಿಯಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲಿಯೇ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು.

ನಾಲ್ಕು ಊರುಗಳ ಲೆಕ್ಕ

ಬೆಂಗಳೂರಿನ ಕ್ಲಬ್ಬುಗಳು ಬೆಳೆದರೆ ನಮ್ಮ ಊರುಗಳ ಹೆಣ್ಣುಮಕ್ಕಳಿಗೆ ತಾನಾಗಿಯೇ ದಾರಿ ತೆರೆಯುವುದೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. ಹನ್ನೆರಡರ ಹುಡುಗಿಯನ್ನು ಸಂಜೆಯ ಬಸ್ಸಿನಲ್ಲಿ ಮಾಗಡಿಯಿಂದ ಬೆಂಗಳೂರಿಗೆ ಕಳುಹಿ, ಕತ್ತಲಾದ ಮೇಲೆ ಹಿಂದಿರುಗುವುದನ್ನು ಕಾಯುವ ತಂದೆತಾಯಿಗಳು ಎಷ್ಟು ಮಂದಿ? ಮೈನೆರೆದ ಮಗಳು ಚಡ್ಡಿ ತೊಟ್ಟು ಬಯಲಲ್ಲಿ ಓಡುವುದನ್ನು ಕುರಿತು ಓಣಿಯ ಮಾತುಗಳನ್ನು ಸಹಿಸುವವರು ಎಷ್ಟು ಮಂದಿ? ಥ್ರೋಬಾಲ್ ಅಷ್ಟು ಜನಪ್ರಿಯವಾದುದಕ್ಕೆ ಈ ಸಂಕೋಚಗಳೂ ಕಾರಣ. ಮೈತಾಗುವುದಿಲ್ಲ, ಚಿಕ್ಕ ಜಾಗ ಸಾಕು, ಚೂಡಿದಾರದಲ್ಲಿಯೂ ಆಡಬಹುದು. ಥ್ರೋಬಾಲನ್ನು ನಾನು ಹಳಿಯುತ್ತಿಲ್ಲ. ಕಬಡ್ಡಿ ಖೋ-ಖೋಗಳಲ್ಲಿ ನಮ್ಮ ಹುಡುಗಿಯರು ತೋರುವ ಚುರುಕು, ಹಠಾತ್ತನೆ ದಿಕ್ಕು ಬದಲಿಸುವ ಕೌಶಲ, ಎದುರಾಳಿಯ ಹೆಜ್ಜೆಯನ್ನು ಮೊದಲೇ ಓದುವ ಬುದ್ಧಿ ಇವೆಲ್ಲ ನಡುಮೈದಾನದ ಆಟಗಾರ್ತಿಗೆ ಬೇಕಾದ ಬಂಡವಾಳವೇ ಆಗಿವೆ. ಬಂಡವಾಳವಿದೆ, ಸಂತೆಯಿಲ್ಲ. ನಮ್ಮ ಶಾಲಾ ಪಂದ್ಯಗಳಲ್ಲಿ ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕು, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆ, ಎಲ್ಲಿಯಾದರೂ ಸೋತರೆ ಮುಂದಿನ ವರ್ಷ. ಸೋತ ತಂಡಕ್ಕೆ ಮುಂದಿನ ಶನಿವಾರವೇ ಮತ್ತೊಂದು ಪಂದ್ಯವಿರಬೇಕೆಂಬುದು ಲೀಗಿನ ತತ್ವ. ಸಾವಾ ಅವರ ದೇಶ ವಿಶ್ವಕಪ್ಪುಗಳಲ್ಲಿ ಹದಿನಾರು ವರ್ಷ ಸೋತೂ ಕೆಡದೆ ಉಳಿದದ್ದು, ಕಂಪನಿಗಳು ಕೈಬಿಟ್ಟಾಗಲೂ ಹೇಗೋ ನಡೆದುಕೊಂಡು ಬಂದ ಆ ವಾರದ ಪಂದ್ಯಗಳಿಂದ. 2011ರ ವಿಶ್ವವಿಜೇತರಲ್ಲಿಯೂ ಕೆಲವರು ಆಟದ ಸಂಬಳ ಸಾಲದೆ ಅರೆಕಾಲಿಕ ಕೆಲಸಗಳಲ್ಲಿದ್ದವರು. ಸಂಪೂರ್ಣ ವೃತ್ತಿಪರ ಲೀಗು ಜಪಾನಿನಲ್ಲಿಯೂ ಆರಂಭವಾದದ್ದು 2021ರಲ್ಲಿ. ಐಶ್ವರ್ಯ ಬಂದ ಮೇಲೆ ಆಟ ಬೆಳೆಯಿತೆಂಬುದು ನಿಜವಲ್ಲ.

ಅಂಥ ವಾರದ ಲೀಗು ನಮ್ಮಲ್ಲಿಯೂ ಅಸಾಧ್ಯವಲ್ಲ. ರಾಮನಗರದಿಂದ ಚನ್ನಪಟ್ಟಣ ಹನ್ನೆರಡು ಕಿಲೋಮೀಟರಿನ ಆಸುಪಾಸು; ಕನಕಪುರ, ಮಾಗಡಿಗಳೆರಡೂ ಸುಮಾರು ಒಂದು ಗಂಟೆಯ ಬಸ್ ಪ್ರಯಾಣ. ಊರಿಗೊಂದರಂತೆ ನಾಲ್ಕು ತಂಡಗಳಿದ್ದರೆ, ಪ್ರತಿ ತಂಡ ಮಿಕ್ಕ ಮೂರರೊಡನೆ ತನ್ನೂರಿನಲ್ಲೊಮ್ಮೆ ಅವರೂರಿನಲ್ಲೊಮ್ಮೆ ಆಡಿದರೆ, ಒಟ್ಟು ಹನ್ನೆರಡು ಪಂದ್ಯಗಳು. ಶನಿವಾರಕ್ಕೆ ಎರಡರಂತೆ ಆರು ವಾರಗಳ ಕೆಲಸ. ಎರಡು ಬಾರಿ ನಡೆಸಿದರೆ ಮೂರು ತಿಂಗಳು. ಹನ್ನೊಂದು ಮಂದಿ ಸಿಗದ ಕಡೆ ಏಳು ಮಂದಿಯ ತಂಡ ಸಾಕು, ಮೈದಾನವೂ ಚಿಕ್ಕದಾದೀತು. ಮಧ್ಯಾಹ್ನ ಮೂರಕ್ಕೆ ಪಂದ್ಯ ಆರಂಭಿಸಿದರೆ ದೀಪ ಹೊತ್ತಿಸುವ ಮೊದಲು ಮಕ್ಕಳು ಮನೆ ಸೇರುತ್ತಾರೆ. ಜೊತೆಗೆ ಹೋಗಲು ಒಬ್ಬ ಶಿಕ್ಷಕಿ, ಉದ್ದ ಚಡ್ಡಿಯೋ ಟ್ರ್ಯಾಕ್ ಪ್ಯಾಂಟೋ ಹುಡುಗಿಯರು ಒಪ್ಪುವ ಉಡುಪು, ತಂಡಕ್ಕೆರಡು ಚೆಂಡು, ಬಸ್ ಚಾರ್ಜು. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ ಮತ್ತು ನೀರು ಬರುವ ಶೌಚಾಲಯ ಪ್ರತಿ ಮೈದಾನದ ಬಳಿ ಇರಬೇಕು. ಈ ಪಟ್ಟಿಯಲ್ಲಿ ನಿಜವಾಗಿ ಕಠಿಣವಾದದ್ದು ಅದೊಂದೇ. ಎಷ್ಟೋ ಮೈದಾನಗಳ ಬಳಿ ಅದು ಹುಡುಗರಿಗೂ ಇಲ್ಲ.